ನಾಲಗೆ ಚಾಚಿದ ಕಲ್ಲುಗಳು

೧೯೯೧ರ ದೀಪಾವಳಿ ಮುಗಿದ ವಾರ ಐದು ತಿಂಗಳ ಬಸುರಿ ಸುಂದರಾಗೆ ತಿಸ್ರ್ಯಾ ಸಾರು ಉಣ್ಣುವ ಬಯಕೆಯಾಯಿತು. ತಿಸ್ರ್ಯಾ ಎಂದರೆ ಅವಳ ತವರು ವೆಂಗುರ್ಲಾದ ಕಡಲಲ್ಲಿ ಸಿಗುವ ಸಣ್ಣ ಚಿಪ್ಪಿನ ಜೀವ. ನಿಪ್ಪಾಣಿಯಲ್ಲಿ ಅದೆಲ್ಲಿ ಸಿಗಬೇಕು? ಉಂಡದ್ದೆಲ್ಲ ಕಕ್ಕಿ ಹೆಂಡತಿ ಸೊರಗುವುದನ್ನು ನೋಡಲಾರದೆ, ಶಾಲೆಯ ಗುಮಾಸ್ತ ಜ್ಞಾನದೇವ ವೆಂಗುರ್ಲಾ ಬಸ್ಸಿನ ಡ್ರೈವರ್ ಜಕ್ಕಪ್ಪನಿಗೆ ಹೇಳಿ, ಭಾನುವಾರ ಬೆಳಿಗ್ಗೆ ಒದ್ದೆ ಚೀಲದಲ್ಲಿ ಅವನ್ನು ಜೀವಂತ ತರಿಸಿಯೇಬಿಟ್ಟ. ಅಂಗಳದ ಬಕೆಟ್ಟಿಗೆ ಸುರಿದು ನಳದ ನೀರು ಬಿಟ್ಟ. ನೀರು ತಾಗಿದ್ದೇ ತಡ, ಅಷ್ಟೂ ಚಿಪ್ಪುಗಳು ಜಿಪುಣನ ಮುಷ್ಟಿಯಂತೆ ಬಿಗಿದುಕೊಂಡವು.

ಅಷ್ಟರಲ್ಲಿ ತನ್ನ ಮೂರು ಎಮ್ಮೆ ಹಿಂಡಿ ಮುಗಿಸಿ ಮನೆಯ ಮಾಲಕಿ ಅಕ್ಕವ್ವ ಬಂದಳು. ಅಂಗಳಕ್ಕೆ ಮೀನು, ಮಾಂಸ ತರಕೂಡದೆಂದು ಹೇಳಿಯೇ ಮನೆ ಬಾಡಿಗೆಗೆ ಕೊಟ್ಟವಳು.

"ಬಕೀಟನ್ಯಾಗ ಏನೋ ಜ್ಞಾನದೇವಾ?"

"ಕ... ಕಲ್ಲರಿ, ಅಕ್ಕಾರ. ಹೊಳಿ ಕಲ್ಲು. ಸಾಲಿ ಪ್ರದರ್ಶನಕ್ಕ."

ಅಕ್ಕವ್ವ ಒಂದನ್ನೆತ್ತಿ ಕಟ್ಟೆಗೆ ಕುಟ್ಟಿದಳು. ಅದು ಮಿಸುಕಲಿಲ್ಲ.

"ಚಂದ ಅದಾವ. ಆದ್ರ ನಾತ ಯಾಕ ಹೊಡಿತಾವ?"

"ಕೆಸರರಿ, ಕೆಸರು."

ಜ್ಞಾನದೇವ ಬದುಕಿದೆನೆಂದು ತೆಂಗಿನಕಾಯಿ ತರಲು ಪೇಟೆಗೆ ಓಡಿದ. ಅಕ್ಕವ್ವನ ಕರುಳು ಮೆತ್ತಗಿನದು. ಬಸುರಿ ಕಕ್ಕುವುದು ಈ ನಾತಕ್ಕೇ ಇರಬೇಕೆಂದು, ನಾಲ್ಕು ಬೊಗಸೆ ಹರಳುಪ್ಪು ಬಕೆಟ್ಟಿಗೆ ಹಾಕಿ, ಕೋಲಿನಿಂದ ಕಲಸಿ ನೆನೆಯಲು ಬಿಟ್ಟಳು.

ಅವನು ಕಾಯಿ ಹಿಡಿದು ಮರಳುವಾಗ ಓಣಿಗೆಲ್ಲ ಕೇಳುವಂತೆ ಅಕ್ಕವ್ವನ ಕೂಗು ಎದ್ದಿತ್ತು.

"ಯವ್ವಾ! ಕಲ್ಲು ನಾಲಗಿ ಚಾಚ್ಯಾವ ಬರ್ರೋ!"

ಓಣಿಯೇ ನೆರೆಯಿತು. ಪಕ್ಕದ ಮನೆಯ ಲಗಮಪ್ಪ ಬಗ್ಗಿ, ಬೆರಳಿಂದ ತಿವಿದ. ಚಿಳ್ಳನೆ ನೀರು ಚಿಮ್ಮಿ ಅವನ ಚಷ್ಮಾ ತೋಯ್ದಿತು.

"ಉಗುಳತಾವಲೇ ಇವು!"

ಗದ್ದಲಕ್ಕೆ ಸುಂದರಾ ಗೋಡೆ ಹಿಡಿದು ಹೊರಗೆ ಬಂದಳು. ಬಕೆಟ್ಟಿನಲ್ಲಿ ಇಣುಕಿ, "ಅಗ್ಗಬಾಯಿ!" ಎಂದು ನಕ್ಕಳು. ಎಷ್ಟು ದಿನವಾಗಿತ್ತು ಅವಳು ನಕ್ಕು!

"ಸೀನೀರಿಗೆ ಹೆದರಿ ಬಾಯಿ ಮುಚ್ಚಿದ್ವರಿ. ಈಗ ಉಪ್ಪು ಸಿಕ್ಕೈತಿ. ಕಡಲು ಬಂತಂತ ತಿಳಕೊಂಡಾವ."

ಜ್ಞಾನದೇವ ತಲೆ ತಗ್ಗಿಸಿದ. "ತಪ್ಪಾತ್ರಿ ಅಕ್ಕಾರ. ಇಕಿ ಬಯಕಿಗೆ ತಂದು ಸುಳ್ಳ ಹೇಳ್ದೆ. ಮನಿ ಬಿಡಂದ್ರ ಬಿಡ್ತೀವ್ರಿ."

ಅಕ್ಕವ್ವ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಇಣುಕಿದಳು. ಆಮೇಲೆ ಮುಖ ಆಚೆ ತಿರುಗಿಸಿ, "ಬಸುರಿ ಬಯಕಿಗೆ ನಾ ಅಡ್ಡ ಬರಾಂಗಿಲ್ಲಪ್ಪ. ಹಿತ್ತಲದಾಗ ಒಲಿ ಹೂಡ್ರಿ" ಎಂದಳು.

ಜ್ಞಾನದೇವ ಕುಣಿಯುತ್ತ ಬಕೆಟ್ಟಿಗೆ ಕೈ ಹಾಕಿದ. ಸುಂದರಾ ಅವನ ಕೈ ಹಿಡಿದಳು.

"ಬ್ಯಾಡ್ರಿ. ನಮ್ಮೂರಿಂದ ಬಂದಾವ. ಹಿಂಗ ಆಡೂದ ನೋಡಿ ನಾ ಹೆಂಗ ತಿನ್ಲಿ? ಕಡಲಿಗೇ ಬಿಟ್ಟ ಬರ್ತೀನಿ."

"ನಾನೂ ಬರ್ತೀನವ್ವಾ," ಎಂದಳು ಅಕ್ಕವ್ವ. "ಅರವತ್ತ ವರ್ಷಾತು, ಒಮ್ಮಿನೂ ಕಡಲ ಕಂಡಿಲ್ಲ."

ಮಧ್ಯಾಹ್ನ ಜಕ್ಕಪ್ಪನ ಬಸ್ಸಿನಲ್ಲಿ ಇಬ್ಬರೂ ನಡುವೆ ಬಕೆಟ್ಟು ಇಟ್ಟುಕೊಂಡು ಕೂತರು. ಜ್ಞಾನದೇವನಿಗೆ ಸೋಮವಾರ ರಜೆಯಿರಲಿಲ್ಲ, ಕೆಳಗೇ ನಿಂತ. ಬಸ್ಸು ಅಲುಗಿದಾಗ ಸುಂದರಾ ಕಿಟಕಿಯಿಂದ ಬಗ್ಗಿದಳು. ಕಣ್ಣು ತುಂಬಿದ್ದವು, ಮುಖ ಮಾತ್ರ ಅರಳಿತ್ತು.

"ಹ್ಯಾಂಗೂ ತವರಿಗೆ ಹೊಂಟೀನಿ. ಬಾಣಂತನ ಮುಗಿಸ್ಕೊಂಡ ಬರ್ತೀನ್ರಿ!"

ಅವನು ಬಾಯಿ ತೆರೆಯುವ ಮೊದಲೇ ಅಕ್ಕವ್ವನ ತಲೆಯೂ ಹೊರಬಂತು.

"ನಾ ಬರೂತನಾ ನನ್ನ ಮೂರೂ ಎಮ್ಮಿ ಹಿಂಡೋ! ಕರೇದು ಒದಿತೈತಿ, ಹುಷಾರ!"

ತಾನು ಜನ್ಮದಲ್ಲಿ ಎಮ್ಮೆಯ ಮೈ ಮುಟ್ಟಿದವನಲ್ಲ ಎಂದು ಜ್ಞಾನದೇವ ಕೂಗಿ ಹೇಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.