ಭಾವನ ಹದಿನಾಲ್ಕು ಎಳೆ

ಮದುವೆಯ ದಿನ ಅಕ್ಕ ಉಟ್ಟಿದ್ದ ಸೀರೆಯ ಬಣ್ಣ ನಮ್ಮ ಭಾವನಿಗೆ ನೆನಪಿಲ್ಲ. ಆದರೆ ಮೇಜಿನ ಮೇಲಿನ ವೈರಿನೊಳಗೆ ಎಷ್ಟು ತಾಮ್ರದ ಎಳೆಗಳಿವೆ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಹದಿನಾಲ್ಕು!

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತರಾದವರು ಅವರು. ತಾವೇ ಹ್ಯಾಮ್ ರೇಡಿಯೋ ಕಟ್ಟಿ, ಲೈಸೆನ್ಸ್ ಪಡೆದು, ಎಲ್ಲೆಲ್ಲೋ ಇರುವ ತಮ್ಮಂಥವರ ಜೊತೆ ದಿನಾ ಬೆಳಗ್ಗೆ ಮಾತಾಡುತ್ತಾರೆ. ಏನು ಮಾತು? ‘ನಿಮ್ಮ ದನಿ ಕೇಳಿಸ್ತಿದೆ, ನಂದು ಕೇಳಿಸ್ತಿದೆಯಾ?’ ಅಷ್ಟೇ! ಇಷ್ಟಕ್ಕೆ ಮೂವತ್ತು ವರ್ಷ!

ಶಿವಮೊಗ್ಗದ ವಿದ್ಯಾನಗರದಿಂದ ನಾನು ಬಸ್ಸು ಹಿಡಿದು ಅವರ ಮನೆಗೆ ಹೋದಾಗಲೆಲ್ಲ ಅವರು ಕಿಟಕಿಯ ಬಿಸಿಲಲ್ಲಿ ಕೂತು ವೈರು ಸುಲಿಯುತ್ತಿರುತ್ತಾರೆ. ಬ್ಲೇಡನ್ನು ಒಂದು ಸುತ್ತು ಆಡಿಸಿ ಸಿಪ್ಪೆ ಎಳೆದರೆ ಕೂದಲಿನಂಥ ಎಳೆಗಳು ಹೊರಬರುತ್ತವೆ. ಒಂದೇ ಒಂದು ತುಂಡಾದರೂ ‘ಹದಿಮೂರು!’ ಎಂಬ ಉದ್ಗಾರ, ಮನೆಯಲ್ಲೆಲ್ಲ ಸೂತಕದ ಮೌನ. ಅದನ್ನು ಬಿಸಾಡಿ ಮತ್ತೆ ಮೊದಲಿನಿಂದ ಶುರು. ಎಲ್ಲ ಉಳಿದರೆ ಕಾದ ಬೆಸುಗೆ ಕಡ್ಡಿ ತಾಗಿಸುತ್ತಾರೆ. ರಾಳದ ನೀಲಿ ಹೊಗೆ ಬಿಸಿಲಲ್ಲಿ ಬಳುಕುತ್ತಾ ಏಳುತ್ತದೆ. ಅದನ್ನು ನೋಡುತ್ತಾ ಭಾವ ಎಲ್ಲೋ ಹೊರಟುಹೋಗುತ್ತಾರೆ, ಕಾಫಿ ಕೆನೆಗಟ್ಟುತ್ತದೆ. ಸುಳ್ಳೇಕೆ, ಎದುರು ಕೂತ ನಾನೂ ಎಲ್ಲಿದ್ದೇನೆಂದು ಸ್ವಲ್ಪ ಹೊತ್ತು ಮರೆತುಬಿಡುತ್ತೇನೆ.

ತಂತಿಯ ತುದಿಗೆ ತೆಳುವಾಗಿ ತವರ ಹಿಡಿಸುವುದಕ್ಕೆ ಅವರು ‘ಕಲಾಯಿ’ ಅನ್ನುತ್ತಾರೆ. ಒಮ್ಮೆ ಫೋನಿನಲ್ಲಿ ‘ಇವತ್ತು ಪೂರ್ತಿ ಕಲಾಯಿ ಕೆಲಸ ಮಾರಾಯ’ ಎಂದದ್ದು ಕಾಂಪೌಂಡಿನಾಚೆ ಕೇಳಿಸಿತು. ಪಕ್ಕದ ಮನೆಯಾಕೆ ಮೂರು ಹಿತ್ತಾಳೆ ಪಾತ್ರೆ ಹೊತ್ತು ಬಂದೇಬಿಟ್ಟರು!

‘ಕಲಾಯಿಯವರು ಬರೋದೇ ನಿಂತೋಗಿದೆ ಸಾರ್. ನೀವೇ ಹಾಕ್ತೀರಂತೆ?’

ಭಾವ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಹಾಕಬಹುದು. ಆದ್ರೆ ನನ್ನ ತವರದಲ್ಲಿ ಸೀಸ ಇದೆ. ಆಮೇಲೆ ಸಾರು ಮಾಡೋ ಹಾಗಿಲ್ಲ.’

‘ಮತ್ತೇನು ಮಾಡ್ಲಿ?’

‘ಮಣ್ಣಲ್ಲಿ ಹೂತಿಡಿ. ಒಳ್ಳೇ ಅರ್ಥಿಂಗ್ ಆಗುತ್ತೆ!’

ಆಕೆ ಅಕ್ಕನ ಜೊತೆ ಒಂದು ವಾರ ಮಾತು ಬಿಟ್ಟರು.

ಗಾಜನೂರು ಡ್ಯಾಮಿಗೆ ಕರೆದುಕೊಂಡು ಹೋದರೆ ನೀರಿಗೆ ಬೆನ್ನು ಹಾಕಿ, ರೇಡಿಯೋದ ಏರಿಯಲ್ ತಂತಿ ಕಟ್ಟಲು ಮರ ಹುಡುಕಿದರು. ದಾರಕ್ಕೆ ಕಲ್ಲು ಕಟ್ಟಿ ಕೊಂಬೆಗೆ ಎಸೆಯುತ್ತಿದ್ದವರನ್ನು ಕಂಡು ಯಾರೋ ‘ಯಜಮಾನ್ರೇ, ಮೀನು ಈ ಕಡೆ!’ ಎಂದು ಕೂಗಿದರು.

ಈ ಸಲ ಹೋದಾಗ ರೇಡಿಯೋ ಸುಮ್ಮನಿತ್ತು. ಭಾವನ ಕೈ ನಡುಗಲು ಶುರುವಾಗಿತ್ತು. ಮೈಕಿನ ವೈರು ಕಿತ್ತುಬಂದು ಎರಡು ವಾರವಾಗಿತ್ತಂತೆ. ಹನ್ನೊಂದು, ಒಂಬತ್ತು, ಏಳು... ಒಮ್ಮೆಯೂ ಪೂರ್ತಿ ಉಳಿದಿರಲಿಲ್ಲ.

‘ಶಿವಮೊಗ್ಗದಲ್ಲಿ ಅಂಗಡಿಗೆ ಕೊಟ್ಟು ಮಾಡಿಸ್ತೀನಿ ಭಾವ’ ಎಂದೆ.

‘ಬೇಡ ಮಾರಾಯ್ತಿ. ಇದೂ ಕೈಲಾಗ್ದಿದ್ರೆ ಸೆಟ್ ಮುಚ್ಚಿಡ್ತೀನಿ.’

ಇಷ್ಟು ವರ್ಷ ಅವರನ್ನು ನೋಡಿ ನಕ್ಕ ನನಗೆ ಅಳು ಬಂದುಬಿಟ್ಟಿತು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಕುರ್ಚಿ ಎಳೆದಳು. ಧೂಳು ಒರೆಸಲೂ ಅವಳನ್ನು ಆ ಮೇಜಿನ ಹತ್ತಿರ ಬಿಟ್ಟವರಲ್ಲ ಭಾವ!

‘ಕೊಡಿ ಇಲ್ಲಿ.’

‘ನಿಂಗೆ ಬರಲ್ಲ ಕಣೇ.’

‘ದಿನಾ ದೇವರಿಗೆ ಬತ್ತಿ ಹೊಸೆಯೋದು ಯಾರು, ನೀವಾ?’

ಬ್ಲೇಡು ಆಡಿಸಿ ಸಿಪ್ಪೆ ಎಳೆದಳು. ಹೊಸೆಯುವ ಮೊದಲು, ಬತ್ತಿಗೆ ಮಾಡುವಂತೆ, ಅಭ್ಯಾಸಬಲದಿಂದ ದೇವರ ಗೂಡಿನ ವಿಭೂತಿಯನ್ನು ಬೆರಳಿಗೆ ಹಚ್ಚಿಕೊಂಡು ಬಂದಳು. ಭಾವ ಹೌಹಾರಿದರು: ‘ವಿಭೂತಿ ಬೇಡ ಕಣೇ! ಬೆಸುಗೆ ಹಿಡಿಯಲ್ಲ!’

ಬೆರಳು ಒರೆಸಿಕೊಂಡು ಅಕ್ಕ ತಂತಿಯನ್ನು ಮುಂದೆ ಹಿಡಿದಳು. ‘ಎಣಿಸ್ಕೊಳ್ಳಿ.’

ಅವರು ಎಣಿಸಿದರು. ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದರು. ‘ಹದಿನಾಲ್ಕು’ ಎಂದರು, ಬಹಳ ಮೆಲ್ಲಗೆ. ಅವಳು ನವಿರಾಗಿ ಹೊಸೆದಳು. ಆಮೇಲೆ ಕಡ್ಡಿ ಹಿಡಿದ ಅವರ ನಡುಗುವ ಮಣಿಕಟ್ಟನ್ನು ತನ್ನ ಅಂಗೈಯಲ್ಲಿ ಹಿಡಿದಳು. ಬೆಸುಗೆ ಕೂತಿತು.

ಮರುದಿನ ಬೆಳಗ್ಗೆ ಸೆಟ್ಟಿನೊಳಗಿಂದ ಒಂದು ದನಿ ಕೇಳಿತು: ‘ಇಷ್ಟು ದಿನ ಎಲ್ಲಿ ಹೋಗಿದ್ರಿ ಸಾರ್?’

ಭಾವ ಮೈಕು ಹಿಡಿದು ಅಕ್ಕನ ಕಡೆ ನೋಡಿದರು.

‘ಇಲ್ಲೇ ಇದ್ದೆ. ಬರ್ಕೊಳ್ಳಿ, ಇನ್ಮೇಲೆ ಈ ಸ್ಟೇಷನ್ನಲ್ಲಿ ನಾವಿಬ್ರು.’