ಅತ್ತೆಯ ಹೊಟ್ಟೆಯ ಮರ್ಯಾದೆ

ಊರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೆಮ್ಮೆ. ಕೆಲವರಿಗೆ ಹೊಲ, ಕೆಲವರಿಗೆ ಮಗ್ಗ, ಕೆಲವರಿಗೆ ಅಳಿಯ. ಬನಹಟ್ಟಿಯ ನಮ್ಮ ಸೋದರತ್ತೆಗೆ ಮಾತ್ರ ತನ್ನ ಕರುಳಿನ ಬಗ್ಗೆ ಹೆಮ್ಮೆ! ನಂಬುವುದಿಲ್ಲವೇ? ಅವಳ ಮನೆಯಲ್ಲಿ ಚಹಾ ಕುಡಿದ ಯಾರೂ ಆ ಕರುಳಿನ ಕಥೆ ಕೇಳದೆ ಎದ್ದು ಬಂದದ್ದಿಲ್ಲ.

ಮೊದಲು ಹೀಗಿರಲಿಲ್ಲ. ಗರ್ಭಚೀಲದ ಆಪರೇಶನ್ ಆದ ಮೇಲೆ ಶುರುವಾದ ಹೊಟ್ಟೆನೋವು ವರ್ಷಗಟ್ಟಲೆ ಬಿಡಲಿಲ್ಲ. ಜಮಖಂಡಿಯ ಡಾಕ್ಟರು, ಮುಧೋಳದ ಡಾಕ್ಟರು, ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇ, ಎಲ್ಲವೂ ಹೇಳಿದ್ದು ಒಂದೇ: ಏನೂ ಇಲ್ಲ. ಬೇರೆಯವರಾಗಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದರು. ಅತ್ತೆ ಅವಮಾನವಾದವಳಂತೆ ಬಸ್ಸಿಳಿದಳು.

“ಏನೂ ಇಲ್ಲಂತ. ಹಂಗಾರ ನಾ ದಿನಾ ಯಾರ ಹೊಟ್ಟಿ ಹಿಡಕೊಂಡು ಅಳಾಕತ್ತೇನಿ?”

“ಹೋಳಿಗಿ ಮಾಡೂ ದಿನಾನ ಬರೂ ಬ್ಯಾನಿ ಅದು,” ಎಂದರು ಅವಳ ಅತ್ತೆ, ಮಾವನ ತಾಯಿ. “ಡಾಕ್ಟರಗ ಎಲ್ಲಿ ಕಾಣಬೇಕು?”

“ಹಂಗಾರ ಹೋಳಿಗಿ ನೀವ ಮಾಡ್ರಿ ಅತ್ತಿ, ಬ್ಯಾನಿನೂ ನೀವ ಇಟ್ಕೋರಿ.”

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಓಣಿಯವರು ಬಿಸ್ಕಿಟ್ ಪುಡಾ, ಮೋಸಂಬಿ ಹಿಡಿದು ಮಾತಾಡಿಸಲು ಬರುತ್ತಾರೆ. ಟೈಫಾಯಿಡ್ ಆದರೆ ಬರುತ್ತಾರೆ, ಕಾಲು ಮುರಿದರೆ ಬರುತ್ತಾರೆ. ಹೆಸರಿಲ್ಲದ ನೋವಿಗೆ ಯಾರು ಬರುತ್ತಾರೆ? ಅಷ್ಟು ವರ್ಷ ಅತ್ತೆಯನ್ನು ಮಾತಾಡಿಸಲು ಒಬ್ಬರೂ ಬರಲಿಲ್ಲ. ಹೊಟ್ಟೆಗಿಂತ ಅದೇ ಅವಳಿಗೆ ಹೆಚ್ಚು ನೋಯುತ್ತಿತ್ತು ಎಂದು ಈಗ ಅನಿಸುತ್ತದೆ. ಆಗಲೂ ಹಾಗೆ ಅನಿಸಿತ್ತೇ? ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಕೊನೆಗೆ ಮಿರಜಿನ ಸರ್ಜನ್ ಒಬ್ಬರು, ಹಳೆಯ ಗಾಯ ಮಾಯುವಾಗ ಒಳಗೆ ಕರುಳು ಅಂಟಿಕೊಂಡಿರಬಹುದು, ಹೊಟ್ಟೆ ತೆರೆದೇ ನೋಡಬೇಕು ಎಂದರು. ಬಿಡಿಸಿದರೂ ಮತ್ತೆ ಅಂಟಬಹುದು ಎಂದೂ ಎಚ್ಚರಿಸಿದರು. ಮಾವನಿಗೆ ಕತ್ತರಿಯ ಹೆದರಿಕೆ. ಅತ್ತೆಯದು ಬೇರೆಯೇ.

“ತಗದು ನೋಡಿದ ಮ್ಯಾಲೆ ಒಳಗ ಏನೂ ಇಲ್ಲಂದ್ರ, ನಾ ಊರಿಗೆ ಯಾವ ಮಾರಿ ತಗೊಂಡು ಹೋಗ್ಲಿ?”

ಅವಳಿಗೆ ಎಚ್ಚರವಾದಾಗ ನಾನು ಅಲ್ಲಿದ್ದೆ. ಇದ್ದೆನೇ? ಧಾರವಾಡದಲ್ಲಿ ಎಂ.ಎ. ಓದುತ್ತಿದ್ದವನು ನಿಜಕ್ಕೂ ಮಿರಜಿಗೆ ಹೋಗಿದ್ದೆನೋ, ಅತ್ತೆ ನೂರು ಸಲ ಹೇಳಿದ್ದನ್ನೇ ಕಣ್ಣಾರೆ ಕಂಡೆನೆಂದುಕೊಂಡಿದ್ದೇನೋ! ಏನೇ ಇರಲಿ, ಅವಳು ಮೊದಲು ಕೇಳಿದ್ದು ನೀರನ್ನಲ್ಲ.

“ಸಾಹೇಬರ, ಒಳಗ ಏನರ ಇತ್ತರಿ?”

“ಇತ್ತರಿ ಬಾಯಾರ,” ಎಂದರು ಸರ್ಜನ್. “ಕರಳು ಒಂದಕ್ಕೊಂದು ಅಂಟಿ, ಹಳೇ ಗಾಯಕ್ಕೂ ಜಗ್ಗಿ ಹಿಡದಿತ್ತು. ಬಿಡಿಸೇವಿ. ನಿಮ್ಮ ಬ್ಯಾನಿ ಖರೆ.”

ಅತ್ತೆ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ತನ್ನ ಅತ್ತೆಯನ್ನು ನೋಡಿದಳು. “ಇನ್ನೊಮ್ಮೆ ಜೋರಾಗಿ ಹೇಳ್ರಿ. ನಮ್ಮತ್ತಿಗೆ ಕಿವಿ ಒಂಚೂರು ಮಂದ.”

ಆ ಮುದುಕಿಯ ಕಿವಿಯೋ, ಆಚೆ ಓಣಿಯ ಪಿಸುಮಾತನ್ನೂ ಬಿಡುತ್ತಿರಲಿಲ್ಲ!

ಬನಹಟ್ಟಿಗೆ ಮರಳಿದ ದಿನವೇ ಪಡಸಾಲೆ ತುಂಬಿತು. ಅತ್ತೆ ದಿಂಬಿಗೊರಗಿ ದರ್ಬಾರು ನಡೆಸಿದಳು. “ಗಂಜಿ ಹೆಚ್ಚಾದ್ರ ಮಗ್ಗದ ಹಾಸಿನ್ಯಾಗ ನೂಲಿನ ಎಳಿಗೆ ಎಳಿ ಅಂಟತಾವಲ್ಲ, ಹಂಗ ಆಗಿತ್ತ ನೋಡವಾ.” ನೇಕಾರರ ಓಣಿಯಲ್ಲಿ ಇದು ಯಾರಿಗೆ ತಿಳಿಯದು? ಬಿಸ್ಕಿಟ್ ಪುಡಾಗಳು ಗೋಡೆಯ ಗೂಡಿನಲ್ಲಿ ರಾಶಿಯಾದವು. ಮಾವ ಚಹಾಕ್ಕೆಂದು ಒಂದನ್ನು ಒಡೆದು ಬೈಸಿಕೊಂಡರು.

“ಅವು ತಿನ್ನಾಕಲ್ರಿ. ನಾಕ ಮಂದಿ ನೋಡ್ಲಿ.”

ನೋವು ಪೂರ್ತಿ ಹೋಯಿತೇ? ಬಹಳಷ್ಟು ಹೋಯಿತು. ಆಗಾಗ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದಳು. ಆಗ ಮನೆಯಲ್ಲಿ ಯಾರೂ ಹೋಳಿಗೆಯ ಮಾತೆತ್ತುತ್ತಿರಲಿಲ್ಲ.

ಗಾಯ ಮಾಯ್ದ ಮೇಲೆ ಒಂದು ಮಧ್ಯಾಹ್ನ ಅತ್ತೆ ಗೂಡಿನಿಂದ ಒಂದು ಪುಡಾ ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು ಎದುರುಮನೆಗೆ ನಡೆದಳು. ರಜೆಗೆ ಬಂದಿದ್ದ ನಾನೂ ಹಿಂದೆಯೇ ಹೋದೆ. ಇದನ್ನು ಮಾತ್ರ ಕಂಡಿದ್ದೇನೆ, ಸಂಶಯವಿಲ್ಲ. ಆ ಮನೆಯ ಹೊಸ ಸೊಸೆ ತಲೆನೋವೆಂದು ಮಲಗಿ ಬಹಳ ದಿನವಾಗಿತ್ತು.

“ಡಾಕ್ಟರಗ ತೋರಿಸೇವಿ. ಏನೂ ಇಲ್ಲ ಅಕಿಗೆ,” ಎಂದಳು ಬಾಗಿಲಲ್ಲಿದ್ದ ಮನೆಯೊಡತಿ.

“ಏನೂ ಇಲ್ಲಂದ್ರಲ್ಲ, ಅದಕ್ಕ ಮಾತಾಡಸಾಕ ಬಂದೇನಿ,” ಎಂದಳು ಅತ್ತೆ.

ಗೋಡೆಗೆ ಮುಖ ಮಾಡಿ ಮಲಗಿದ್ದ ಹುಡುಗಿಯ ಪಕ್ಕ ಕೂತು ಪುಡಾವನ್ನು ಅವಳ ಕೈಯಲ್ಲಿಟ್ಟಳು. ತನ್ನ ಕರುಳಿನ ಕಥೆಯನ್ನು ಅಂದು ಎತ್ತಲೇ ಇಲ್ಲ.

“ಎಲ್ಲಿ ಬ್ಯಾನಿ ಆಗತೈತಿ? ಸಾವಕಾಶ ಹೇಳವಾ. ನಾ ಕೇಳ್ತೇನಿ.”