ಪಂತೆಲಿಮೋನನ ಹೊಟ್ಟೆಯೊಳಗಿನ ಮಾವ

ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾಯ್ದು ನಿವೃತ್ತನಾದ ಪಂತೆಲಿಮೋನನಿಗೆ ಇದ್ದದ್ದು ಒಂದೇ ದುಃಖ. ಅವನು ಬಾವುಟ ಎತ್ತಿದರೆ ಹಳ್ಳಿಯ ಎತ್ತು, ಟ್ರಾಕ್ಟರು, ಕೊನೆಗೆ ಪಾದ್ರಿಯ ಕಾರು ಕೂಡ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವು. ಮನೆಯಲ್ಲಿ ಮಾತ್ರ ಅವನ ಮಾತಿಗೆ ಬೆಕ್ಕೂ ನಿಲ್ಲುತ್ತಿರಲಿಲ್ಲ. ಹೋಗಲಿ, ಅದೂ ಗಂಡನಾದವನ ಹಣೆಬರಹ ಎನ್ನೋಣ. ಆದರೆ ಅದೇ ಮನೆ ಅವನ ಹೊಟ್ಟೆಯ ಮಾತಿಗೆ ಎದ್ದು ನಿಂತು ಕೈಮುಗಿಯುತ್ತಿತ್ತು! ತನ್ನ ಹೊಟ್ಟೆಗಿರುವ ಮರ್ಯಾದೆ ತನಗಿಲ್ಲವೆಂದರೆ ಯಾವ ಗಂಡಸು ತಾನೇ ಸಹಿಸಿಯಾನು?

ಇದೆಲ್ಲ ಶುರುವಾದದ್ದು ಆರು ವರ್ಷದ ಹಿಂದೆ, ಮಾವ ಇಲಾರಿಯೆ ತೀರಿಕೊಂಡ ಚಳಿಗಾಲದಲ್ಲಿ. ಉಂಡು ಅರ್ಧ ಗಂಟೆಯಾಗುವಷ್ಟರಲ್ಲಿ ಪಂತೆಲಿಮೋನನ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು. ಒಂದು ವಾರ ಅಂಗಳದಾಚೆಯ ಪಾಯಖಾನೆಗೂ ಅವನಿಗೂ ಬಿಡಿಸಲಾಗದ ನಂಟು, ಮರುವಾರ ಮುಖ ನೋಡದಷ್ಟು ಹಗೆ. ಇವನ್ನಾದರೂ ಯಾರಿಗೂ ಹೇಳದೆ ನುಂಗಿಕೊಳ್ಳಬಹುದಿತ್ತು. ಮುಚ್ಚಿಡಲಾಗದ್ದು ಆ ಸದ್ದು. ಮೊದಲು ನೆಲಮಾಳಿಗೆಯ ಬಾಗಿಲನ್ನು ಯಾರೋ ಮೆಲ್ಲಗೆ ತೆರೆದಂತೆ ಕಿರ್ರ್ ಎನ್ನುವುದು. ಆಮೇಲೆ ಮೆಟ್ಟಿಲು ಹತ್ತಿ ಬಂದಂತೆ ಗುಡು, ಗುಡು, ಗುಡು. ತುಸು ಮೌನ. ಕೊನೆಗೆ ಯಾರೋ ಗಂಟಲು ಸರಿಮಾಡಿಕೊಂಡಂತೆ, ಸ್ಪಷ್ಟವಾಗಿ, "ಹ್ರೂಂ."

ಊರಿನ ಡಾಕ್ಟರು ಹೊಟ್ಟೆಯನ್ನು ಎರಡು ಬೆರಳಲ್ಲಿ ತಟ್ಟಿ, "ಕೆರಳಿದ ಕರುಳು ಕಣಯ್ಯಾ. ಎಲ್ಲಾ ನರದ್ದು. ಪುದೀನ ಕಷಾಯ ಕುಡಿ, ಯೋಚನೆ ಬಿಡು" ಎಂದಿದ್ದರು. (ಅತ್ತೆಯ ಜೊತೆ ಒಂದೇ ಸೂರಿನಡಿ ಬದುಕುವವನಿಗೆ ಯೋಚನೆ ಬಿಡು ಎನ್ನುವುದೂ ಒಂದೇ, ಉಸಿರಾಡುವುದು ಬಿಡು ಎನ್ನುವುದೂ ಒಂದೇ.) ಆರು ವರ್ಷ ಆ ಕಷಾಯ ಕುಡಿದು ಅವನ ಬೆವರೂ ಪುದೀನ ವಾಸನೆ ಹೊಡೆಯತೊಡಗಿತ್ತು.

ನಿಜವಾದ ರೋಗನಿದಾನ ಮಾಡಿದ್ದು ಅತ್ತೆ ಸ್ಮಾರಾಂದಾ. ಅದು ಆ ಚಳಿಗಾಲದಲ್ಲೇ, ಸತ್ತವರಿಗೆ ಎಡೆ ಕೊಡುವ ಒಂದು ಶನಿವಾರ. ನಡುಮಧ್ಯಾಹ್ನದ ಊಟದ ಮೇಜಿನಲ್ಲಿ ಹೊಟ್ಟೆ "ಹ್ರೂಂ" ಎಂದಿತು. ಅತ್ತೆಯ ಕೈಯಿಂದ ಚಮಚ ಜಾರಿ ಬಿತ್ತು.

"ಸಾಫ್ತಾ, ಕೇಳಿಸ್ತೇನೇ? ನಿಮ್ಮಪ್ಪನ ಕೆಮ್ಮು ಕಣೇ ಅದು!"

ಸಾಫ್ತಾ ಎಂದರೆ ಪಂತೆಲಿಮೋನನ ಹೆಂಡತಿ. ಅವಳು ಬಿಳಿಚಿಕೊಂಡು ಗಂಡನ ಮುಖ ಬಿಟ್ಟು ಹೊಟ್ಟೆಯನ್ನೇ ನೋಡಿದಳು. ನಿಜ, ಇಲಾರಿಯೆ ಬದುಕಿದ್ದಾಗ ಬಾಯಿಬಿಟ್ಟು ಬೇಡ ಅಂದವನಲ್ಲ. ಮಗಳ ಮದುವೆಯಿಂದ ಹಿಡಿದು ಸಾರಿನ ಉಪ್ಪಿನವರೆಗೆ ಯಾವುದು ಬೇಡವಾದರೂ ಹೀಗೇ ಒಮ್ಮೆ ಕೆಮ್ಮುತ್ತಿದ್ದ, ಮಾತು ಅಲ್ಲಿಗೆ ಮುಗಿಯುತ್ತಿತ್ತು.

"ರೀ, ಹಸಿವಾಗಿದ್ಯಾ? ಅಲ್ಲಿ ಸರಿಯಾಗಿ ಊಟ ಹಾಕ್ತಿಲ್ವಾ?" ಎಂದು ಅತ್ತೆ ಅಳಿಯನ ಅಂಗಿಯ ಮೂರನೇ ಗುಂಡಿಯನ್ನು ಕೇಳಿದಳು.

"ಹ್ರೂಂ," ಎಂದಿತು ಉದರವಾಣಿ.

ಅಂದಿನಿಂದ ಪಂತೆಲಿಮೋನನ ಗ್ರಹಚಾರ ಕೆಟ್ಟಿತು. ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು ಬದುಕಿದವರು ಉಂಡರೆ ಅದು ಸತ್ತವರಿಗೆ ಮುಟ್ಟುತ್ತದೆ ಎಂಬುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಹಾಗೆ ಕೊಟ್ಟದ್ದನ್ನು ಒಲ್ಲೆ ಎನ್ನುವಂತಿಲ್ಲ. ಒಲ್ಲೆ ಎಂದರೆ ಆಚೆ ಲೋಕದಲ್ಲಿ ಒಂದು ಜೀವ ಉಪವಾಸ ಬಿದ್ದಂತೆ. ಬೇರೆ ಹೆಂಗಸರು ನೆರೆಹೊರೆಗೆ ಹಂಚುತ್ತಿದ್ದರು. ಮಾವ ಖುದ್ದು ಅಳಿಯನ ಹೊಟ್ಟೆಯಲ್ಲೇ ಬಿಡಾರ ಹೂಡಿರುವಾಗ ನಡುವೆ ನೆರೆಯವರೇಕೆ? ಪ್ರತಿ ಶನಿವಾರ ಮಾವನಿಗೆ ಪ್ರಿಯವಾದ ಹುರುಳಿಕಾಯಿ ಬೀಜದ ಗೊಜ್ಜು, ಹುಳಿ ಎಲೆಕೋಸಿನಲ್ಲಿ ಸುತ್ತಿದ ಮಾಂಸದ ಕಡುಬು, ಹಸಿ ಈರುಳ್ಳಿ, ಮೇಲೊಂದು ಬಟ್ಟಲು ಕೊಲಿವಾ (ಬೇಯಿಸಿದ ಗೋಧಿಗೆ ಸಕ್ಕರೆಯನ್ನು ಹಿಮದಂತೆ ಸುರಿದದ್ದು) ಎಲ್ಲವೂ ಅಳಿಯನ ಮುಂದೆ ಬರುತ್ತಿದ್ದವು. ಪಂತೆಲಿಮೋನ್ "ದೇವರು ಅವರನ್ನು ಕ್ಷಮಿಸಲಿ" ಎಂದು ವಾಡಿಕೆಯ ಮಾತು ಹೇಳಿ ನುಂಗುತ್ತಿದ್ದ. (ಯಾರನ್ನು ಎಂದು ಯಾರೂ ಕೇಳಲಿಲ್ಲ.) ನುಂಗಿದಷ್ಟೂ ಒಳಗಿನವರ ಗಂಟಲು ತೆರೆಯುತ್ತಿತ್ತು.

ಮಾವ ಬರೀ ಊಟಕ್ಕೆ ಬಂದಿದ್ದರೆ ಬೇರೆ ಮಾತು. ಅವರು ಆಡಳಿತಕ್ಕೂ ಇಳಿದರು. ಜಗುಲಿಯ ಮುಂದೆ ಮಾವನೇ ನೆಟ್ಟ ಅಕ್ರೋಟು ಮರವಿತ್ತು. ಅದರ ಕಾಂಡ ನೆಟ್ಟವನ ಕತ್ತಿನಷ್ಟು ದಪ್ಪವಾದ ದಿನ ನೆಟ್ಟವನು ಹೋಗುತ್ತಾನೆ ಎನ್ನುತ್ತಾರೆ. ಇಲಾರಿಯೆ ಹೋದ ದಿನ ಸ್ಮಾರಾಂದಾ ದಾರ ಹಿಡಿದು ಅಳೆದು ನೋಡಿ ದಾರವನ್ನು ಸುಟ್ಟಿದ್ದಳು. ಈಗ ಆ ಮರ ಹಾಡುಹಗಲಲ್ಲೇ ಪಂತೆಲಿಮೋನನ ಕೋಣೆಗೆ ಕತ್ತಲು ತುಂಬುತ್ತಿತ್ತು. ಅದನ್ನು ಕಡಿಯಬೇಕೆಂದು ಅವನು ಪ್ರತಿ ವರ್ಷ ಬಾಯಿಬಿಡುತ್ತಿದ್ದ. ಅತ್ತೆ ಹೊಟ್ಟೆಯನ್ನು ಕೇಳುತ್ತಿದ್ದಳು. ಹೊಟ್ಟೆ ಕೆಮ್ಮುತ್ತಿತ್ತು. ಅವನ ವಿರುದ್ಧ ಅವನದೇ ಹೊಟ್ಟೆಯ ಮತ!

ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಬೆಳಗಿನಿಂದ ಏನೂ ತಿಂದಿರದ ಪಂತೆಲಿಮೋನ್ ಕಿಟಕಿಯ ಬಳಿ ನಿಂತು, ತನ್ನಷ್ಟಕ್ಕೆ ತಾನು, "ನಾಳೆ ಕಡಿದೇ ಕಡೀತೀನಿ" ಎಂದ. ಹೊರಗೆ ಮರದ ಒಂದೇ ಒಂದು ಎಲೆ ಅಲುಗಿತು. ಒಳಗೆ ಬಾಗಿಲು ಕಿರ್ರೆಂದಿತು, ಮೆಟ್ಟಿಲು ಗುಡುಗುಡಿಸಿತು.

"ಹ್ರೂಂ."

ಒಳಗಿರುವುದು ಮಾವನಾದರೆ ಪಾದ್ರಿ ಬೇಕು, ರೋಗವಾದರೆ ಡಾಕ್ಟರು ಬೇಕು. ಯಾವುದಾದರೂ ಸರಿ, ಸಾಯುವ ಮುಂಚೆ ಒಂದು ದಿನವಾದರೂ ನನ್ನ ಹೊಟ್ಟೆ ನನ್ನದಾಗಬೇಕು ಎಂದು ಅವನು ತೀರ್ಮಾನಿಸಿದ. ಪಾದ್ರಿ ಅತ್ತೆಯ ದೂರದ ಸಂಬಂಧಿ. ಹಾಗಾಗಿ ಕ್ರಯೋವಾ ನಗರದ ಕರುಳಿನ ತಜ್ಞೆ, ಡಾಕ್ಟರ್ ಒತಿಲಿಯಾ ಅವರ ಬಳಿ ಹೊರಟ.

"ನಾನೂ ಬರ್ತೀನಿ," ಎಂದಳು ಅತ್ತೆ, ಕಪ್ಪು ಶಾಲು ಹೊದ್ದು.

"ಪರೀಕ್ಷೆ ನನಗೆ ಅತ್ತೆ."

"ಯಂತ್ರ ಇಟ್ಟು ನನ್ನ ಗಂಡನ್ನ ನೋಡ್ತಾರಂತೆ, ನಾನು ಮನೇಲಿ ಕೂತ್ಕೊಂಡು ಈರುಳ್ಳಿ ಹೆಚ್ಲಾ?"

ಪರೀಕ್ಷೆಯ ಹಿಂದಿನ ದಿನ ಬರೀ ಅನ್ನ, ಬೇಯಿಸಿದ ಕೋಳಿ, ಬೆಳಿಗ್ಗೆ ಉಪವಾಸ. ಆಸ್ಪತ್ರೆಯಲ್ಲಿ ಒಂದು ಲೋಟ ಸಿಹಿ ನೀರು ಕುಡಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕೊಳವೆಯೊಳಗೆ ಊದು ಎಂದರು. ಉದ್ದನೆಯ ಹಸಿರು ಕಾರಿಡಾರು. ಪಂತೆಲಿಮೋನ್ ಊದಿದ, ಉಸಿರಿನಲ್ಲಿ ಕರುಳಿನ ಗಾಳಿ ಎಷ್ಟಿದೆ ಎಂದು ಅಳೆಯುವ ಯಂತ್ರ ನಾಲ್ಕು ಎಂದಿತು. ಅತ್ತೆ ಚೀಲದಿಂದ ಸತ್ತವರಿಗೆ ಹಚ್ಚುವ ಮೇಣದಬತ್ತಿ ತೆಗೆದಳು, ನರ್ಸು ಕಿತ್ತುಕೊಂಡಳು. ಮತ್ತೆ ಊದಿದ, ಒಂಬತ್ತು. ಮತ್ತೆ, ಮೂವತ್ತೆಂಟು.

"ಬರ್ತಿದಾರೆ," ಎಂದು ಅತ್ತೆ ಪಿಸುಗುಟ್ಟಿದಳು.

"ಸುಮ್ನಿರಿ ಅತ್ತೆ, ಎದೆ ಹೊಡ್ಕೊಳ್ತಿದೆ!"

ಅರವತ್ತೊಂದು. ಅಷ್ಟರಲ್ಲಿ ಹೊಟ್ಟೆ ಇಡೀ ಕಾರಿಡಾರಿಗೆ ಕೇಳುವಂತೆ ಕೆಮ್ಮಿತು. ಸಾಲಿನಲ್ಲಿ ಕೂತಿದ್ದ ರೋಗಿಗಳು ಒಬ್ಬೊಬ್ಬರಾಗಿ ಎದ್ದು ದೂರದ ಬೆಂಚಿಗೆ ಹೋದರು. ಸ್ಮಾರಾಂದಾ ಶಿಲುಬೆಯ ಗುರುತು ಮಾಡಿಕೊಂಡು, "ಹೊಸಿಲಿಗೆ ಬಂದ್ರು," ಎಂದಳು.

ಡಾಕ್ಟರ್ ಒತಿಲಿಯಾ ಅಂಕಿಗಳನ್ನು ನೋಡಿ ಹೇಳಿದರು, "ಕೆಳಗೆ ದೊಡ್ಡ ಕರುಳಲ್ಲಿ ಇರಬೇಕಾದೋರು ಮೇಲೆ ಸಣ್ಣ ಕರುಳಿಗೆ ಹತ್ತಿ ಬಂದು ಮನೆ ಮಾಡ್ಕೊಂಡಿದಾರೆ. ಬ್ಯಾಕ್ಟೀರಿಯಾ. ನೀವು ತಿಂದದ್ದನ್ನ ನಿಮಗಿಂತ ಮುಂಚೆ ಅವು ತಿಂತಿವೆ. ಆರು ವರ್ಷದಿಂದ ನರ ಅಂತ ಹೇಳಿ ಕಳಿಸ್ತಿದ್ರಾ? ಪಾಪ, ಎಷ್ಟು ಕಷ್ಟಪಟ್ಟಿರಬೇಕು ನೀವು."

ಪಂತೆಲಿಮೋನನ ಕಣ್ಣು ತುಂಬಿ ಬಂತು. ಆರು ವರ್ಷದಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಅವನ ಹೊಟ್ಟೆಯನ್ನು ಬಿಟ್ಟು ಅವನ ಜೊತೆ ಮಾತಾಡಿದ್ದರು.

ಅತ್ತೆ ಮುಂದಕ್ಕೆ ಬಾಗಿದಳು. "ಅವರಿಗೆ ಏನಿಷ್ಟ ತಿನ್ನೋಕೆ?"

"ಬೀನ್ಸು, ಈರುಳ್ಳಿ, ಎಲೆಕೋಸು, ಗೋಧಿ, ಸಕ್ಕರೆ."

"ಒಂದೂ ತಪ್ಪಿಲ್ಲ!" ಎಂದು ಸ್ಮಾರಾಂದಾ ಗೊಳೋ ಎಂದು ಅತ್ತಳು.

ಹದಿನಾಲ್ಕು ದಿನ ಮಾತ್ರೆ, ಆರು ವಾರ ಪಥ್ಯ ಎಂದು ಬರೆದುಕೊಟ್ಟರು. "ಮಾತ್ರೆ ಏನ್ಮಾಡುತ್ತೆ?" ಎಂದು ಅತ್ತೆ ಕೇಳಿದಳು. "ಅವರನ್ನ ಸಾಯಿಸುತ್ತೆ," ಎಂದರು ಡಾಕ್ಟರು. ರೈಲಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯಾಚೆ ನೋಡುತ್ತಾ, "ಎರಡನೇ ಸಲ ವಿಧವೆ ಮಾಡ್ತಿದ್ಯಲ್ಲಪ್ಪಾ ನನ್ನ," ಎಂದಳು.

ಮಾತ್ರೆ ನಾಟಿತು. ಹತ್ತನೇ ದಿನಕ್ಕೆ ತಮಟೆ ಇಳಿಯಿತು, ಬೆಲ್ಟು ಎರಡು ತೂತು ಒಳಗೆ ಸರಿಯಿತು. ಆದರೆ ಶನಿವಾರದ ಎಡೆ ನಿಲ್ಲಿಸುವಂತಿರಲಿಲ್ಲವಲ್ಲ! ಪಂತೆಲಿಮೋನನ ಮುಂದೆ ಸಪ್ಪೆ ಅನ್ನವಿತ್ತು, ಮಾವನ ತಟ್ಟೆ ಸಾಫ್ತಾಳ ಮುಂದೆ ಹೋಯಿತು. ಅವಳು ಅಪ್ಪನ ಮೇಲಿನ ಪ್ರೀತಿಗೆ, ಮತ್ತೆ ಒಂದಿಷ್ಟು ಕಡುಬಿನ ಮೇಲಿನ ಪ್ರೀತಿಗೂ, "ದೇವರು ಅವರನ್ನು ಕ್ಷಮಿಸಲಿ" ಎನ್ನುತ್ತಾ ಆರು ಶನಿವಾರ ತಟ್ಟೆ ನೆಕ್ಕಿಟ್ಟಳು. ಗೆದ್ದ ಸಂಭ್ರಮದಲ್ಲಿದ್ದ ಪಂತೆಲಿಮೋನ್ ಅದನ್ನು ಗಮನಿಸಲಿಲ್ಲ.

ಏಳನೇ ಶನಿವಾರ ಊಟವಾದ ಮೇಲೆ ಅವನು ಕೊಡಲಿ ಹಿಡಿದು ಅಕ್ರೋಟು ಮರದ ಬುಡಕ್ಕೆ ಹೋದ. ತಾಯಿ ಮಗಳು ಜಗುಲಿಗೆ ಬಂದು ನಿಂತರು.

"ಕೊನೇ ಸಲ ಕೇಳ್ತೀನಿ ರೀ," ಎಂದು ಅತ್ತೆ ಅವನ ಹೊಟ್ಟೆಗೆ ಹೇಳಿದಳು. "ಮರ ಕಡೀಬಹುದಾ?"

ಯಾವ ಸದ್ದೂ ಇಲ್ಲ. ಕಾಗೆಯೂ ಕೂಗಲಿಲ್ಲ. ಪಂತೆಲಿಮೋನ್ ಎದೆಯುಬ್ಬಿಸಿ, "ನೋಡಿದ್ರಾ? ಈಗ ಈ ಹೊಟ್ಟೆ ನಂದು. ಈ ಮನೇಲಿ ನನ್ನ ಮಾತಿಗೆ ಬೇಡ ಅನ್ನೋರು ಇನ್ಯಾರಿದಾರೆ?" ಎಂದು ಕೊಡಲಿ ಎತ್ತಿದ.

ಎಲ್ಲೋ ಒಂದು ಬಾಗಿಲು ಕಿರ್ರೆಂದಿತು. ಯಾರೋ ಮೆಟ್ಟಿಲು ಹತ್ತಿದರು.

"ಹ್ರೂಂ."

ಪಂತೆಲಿಮೋನ್ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಅದಲ್ಲ. ಜಗುಲಿಯ ಮೇಲೆ ಸಾಫ್ತಾ ಎರಡೂ ಕೈ ಹೊಟ್ಟೆಗೊತ್ತಿಕೊಂಡು ನಿಂತಿದ್ದಳು, ಮುಖ ಸುಣ್ಣದ ಗೋಡೆಯಾಗಿತ್ತು. ಸ್ಮಾರಾಂದಾ ಒಳಗೆ ಹೋಗಿ, ಗಂಡ ಬದುಕಿದ್ದಾಗ ಕೂರುತ್ತಿದ್ದ ಎತ್ತರದ ಕುರ್ಚಿಯನ್ನು ತಂದು ಮಗಳ ಹಿಂದೆ ಇಟ್ಟಳು. ಸಾಫ್ತಾ ಮೆಲ್ಲಗೆ ಅದರಲ್ಲಿ ಕೂತಳು. ಕೂತ ಮೇಲೆ ಅವಳ ಬಣ್ಣ ವಾಪಸು ಬಂತು, ಕುರ್ಚಿ ಅವಳಿಗೆ ಚೆನ್ನಾಗಿಯೇ ಒಪ್ಪಿತು.

"ಸಾಫ್ತಾ," ಎಂದು ಪಂತೆಲಿಮೋನ್ ಕೊಡಲಿ ಕೆಳಗಿಟ್ಟು ಗೋಗರೆದ, "ಸೋಮವಾರ ಕ್ರಯೋವಾಕ್ಕೆ ಹೋಗೋಣ ಕಣೇ. ತುಂಬಾ ಒಳ್ಳೇ ಡಾಕ್ಟರು. ಹದಿನಾಲ್ಕು ದಿನದ ಮಾತ್ರೆ, ಅಷ್ಟೇ!"

ಸಾಫ್ತಾ ಗಂಡನನ್ನೂ ಮರವನ್ನೂ ಒಂದು ಕ್ಷಣ ನೋಡಿದಳು.

"ಇರಿ, ಅಪ್ಪನ್ನ ಕೇಳ್ತೀನಿ," ಎಂದಳು.

ಕೇಳಿದಳು.

"ಹ್ರೂಂ."